ರಿವಾಲ್ವರ್ ಹಿಡಿಗೆ ಯಾವ ಮರ? ಬಣ್ಣಕ್ಕಿಂತ ಮೊದಲು ಎಳೆ ನೋಡಿ

[ದೃಶ್ಯ: ಮೇಜಿನ ಮೇಲೆ ಬೇರೆ ಬೇರೆ ಬಣ್ಣದ ಮರದ ತುಂಡುಗಳು, ಪಕ್ಕದಲ್ಲಿ ಒಂದು ಅರ, ಒಂದು ಉಳಿ]

ನಮಸ್ಕಾರ. ರಿವಾಲ್ವರ್‌ಗೆ ಕೈಯಲ್ಲೇ ಹಿಡಿ ಮಾಡುವವರು ಮರ ಆರಿಸುವುದು ಹೇಗೆ ಅಂತ ಇವತ್ತು ನೋಡೋಣ. ಈ ಕಸುಬು ಜಾಸ್ತಿ ಬೆಳೆದಿದ್ದು ಅಮೆರಿಕದಲ್ಲಿ. ಹಾಗಾಗಿ ಅಲ್ಲಿನ ಸ್ಮಿತ್ ಅಂಡ್ ವೆಸನ್ ಕಂಪನಿಯ ಕೆ-ಫ್ರೇಮ್, ಅಂದರೆ ಮಧ್ಯಮ ಗಾತ್ರದ ಚೌಕಟ್ಟಿನ ರಿವಾಲ್ವರನ್ನೇ ಇಟ್ಟುಕೊಂಡು ಮಾತಾಡ್ತೀನಿ. ಹಿಡಿ ಬಿಚ್ಚುವ ಮೊದಲು ಸಿಲಿಂಡರ್ ತೆರೆದು, ಆರೂ ಕೋಣೆ ಖಾಲಿ ಇವೆಯಾ ಅಂತ ಕಣ್ಣಾರೆ ನೋಡಿ. ಇದನ್ನು ಪ್ರತಿ ಸಲವೂ ಮಾಡಲೇಬೇಕು.

[ಕ್ಲೋಸ್‌ಅಪ್: ಬಿಚ್ಚಿದ ಹಿಡಿಯ ಒಳಮೈ]

ಇದು ಎರಡು ಹೋಳಿನ ಹಿಡಿ. ಮಧ್ಯದಲ್ಲಿ ಅಡ್ಡಕ್ಕೆ ಒಂದೇ ಸ್ಕ್ರೂ. ಕೆಳಗೆ ಕಬ್ಬಿಣದ ಚೌಕಟ್ಟಿನಲ್ಲಿ ಒಂದು ಸಣ್ಣ ಪಿನ್ನು ಇದೆ, ಅದು ಎರಡೂ ಹೋಳಿನ ತೂತಿಗೆ ಕೂರುತ್ತದೆ. ಈಗ ಮೇಲ್ಗಡೆ ಅಂಚು ನೋಡಿ. ಚೌಕಟ್ಟಿಗೆ ಅಂಟಿಕೊಂಡು ಕೂರುವ ಈ ಜಾಗದಲ್ಲಿ ಮರ ಎಷ್ಟು ತೆಳುವಾಗಿದೆ ಅಲ್ವಾ? ಗುಂಡು ಹಾರಿದಾಗ ರಿವಾಲ್ವರ್ ಹಿಂದಕ್ಕೆ ಒದೆಯುತ್ತದೆ. ಆ ಪೆಟ್ಟು ಈ ತೆಳು ಅಂಚಿಗೂ, ಪಿನ್ನಿನ ತೂತಿಗೂ, ಸ್ಕ್ರೂ ಸುತ್ತಲಿನ ಮರಕ್ಕೂ ತಾಗುತ್ತದೆ.

ಮರದ ಆಯ್ಕೆ ನಿಂತಿರುವುದೇ ಈ ಮೂರು ಜಾಗದ ಮೇಲೆ. ಎಳೆ, ಅಂದರೆ ಮರದ ನಾರು, ಹಿಡಿಯ ಉದ್ದಕ್ಕೆ ಓಡಬೇಕು, ಮೇಲಿನಿಂದ ಬುಡದ ಕಡೆಗೆ. ತೆಳು ಅಂಚಿನಲ್ಲಿ ಎಳೆ ಅಡ್ಡ ಬಂದರೆ ಅದು ಇವತ್ತಲ್ಲ ನಾಳೆ ಚಕ್ಕೆ ಎದ್ದೇ ಏಳುತ್ತದೆ. ಸೌದೆ ಸೀಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

[ಕ್ಲೋಸ್‌ಅಪ್: ತುಂಡಿನ ತುದಿ, ಉಂಗುರದ ಗೆರೆಗಳು]

ಅಂಗಡಿಯಲ್ಲಿ ಎಲ್ಲರ ಕಣ್ಣು ಮೊದಲು ಹೋಗುವುದು ಚಂದದ ಸುಳಿ, ಅಲೆ ಇರುವ ತುಂಡಿನ ಮೇಲೆ. ನನಗೂ ಅಂಥ ಮರ ಅಂದರೆ ಪ್ರಾಣ. ಆದರೆ ಸುಳಿ ಅಂದರೆ ಎಳೆ ಅಲ್ಲಿ ದಿಕ್ಕು ಬದಲಿಸಿದೆ ಅಂತ. ಹಾಗಾಗಿ ರಟ್ಟಿನಲ್ಲಿ ಹಿಡಿಯ ಆಕಾರ ಕತ್ತರಿಸಿಕೊಂಡು ತುಂಡಿನ ಮೇಲೆ ಸರಿಸಿ ಸರಿಸಿ ನೋಡಿ. ಸುಳಿ ಅಂಗೈ ತುಂಬುವ ದಪ್ಪ ಭಾಗಕ್ಕೆ ಬರಲಿ, ನೇರ ಎಳೆ ಮೇಲಿನ ಅಂಚಿಗೆ ಬರಲಿ. ಹಾಗೆ ಕೂರದಿದ್ದರೆ ಆ ತುಂಡು ಎಷ್ಟೇ ಚೆನ್ನಾಗಿರಲಿ, ಬಿಟ್ಟುಬಿಡಿ. ಚಾಕುವಿನ ಹಿಡಿಗೆ ಆಗುತ್ತದೆ.

ಇನ್ನು ಮರಗಳು. ಮೊದಲ ಮರ್ಯಾದೆ ವಾಲ್‌ನಟ್‌ಗೆ, ಅಂದರೆ ಅಕ್ರೋಟಿಗೆ. ಅಮೆರಿಕದ ಸೈನ್ಯಕ್ಕೆ ಹೋದ 1873ರ ಕೋಲ್ಟ್ ಸಿಂಗಲ್ ಆ್ಯಕ್ಷನ್ ಆರ್ಮಿಗೆ ಇದ್ದದ್ದು ಒಂದೇ ತುಂಡಿನ ವಾಲ್‌ನಟ್ ಹಿಡಿ. ಇದು ಹಗುರ, ಉಳಿಗೆ ಒಗ್ಗುತ್ತದೆ, ಪೆಟ್ಟು ತಡೆಯುತ್ತದೆ. ಗಡಸುತನ ಅಳೆಯುವ ಜಾಂಕಾ ಲೆಕ್ಕದಲ್ಲಿ ಅಮೆರಿಕದ ಕರಿ ವಾಲ್‌ನಟ್ ಸುಮಾರು 1,010. ಮಧ್ಯ ಅಮೆರಿಕದ ಕೊಕೊಬೊಲೊ ಅದರ ಎರಡೂವರೆ ಪಟ್ಟಿಗಿಂತ ಜಾಸ್ತಿ ಗಡಸು. ಹಾಗಂತ ಗಡಸು ಇದ್ದಷ್ಟೂ ಒಳ್ಳೆಯದು ಅನ್ನಬೇಡಿ. ಹಿಡಿಗೆ ವಾಲ್‌ನಟ್ ಗಡಸುತನ ಧಾರಾಳ ಸಾಕು. ಮೈಮೇಲೆ ಚೌಕುಳಿ ಗೀರು ಕೆತ್ತಬೇಕು ಅಂತಿದ್ದರೆ ಇಂಗ್ಲಿಷ್ ವಾಲ್‌ನಟ್ ತೆಗೆದುಕೊಳ್ಳಿ. ಅದರ ರಂಧ್ರ ಸಣ್ಣದು, ಗೀರಿನ ಮೊನೆ ಉದುರುವುದಿಲ್ಲ. ಕಾಶ್ಮೀರದ ಅಕ್ರೋಟ್ ಮರವೂ ಇದೇ ಜಾತಿ.

ಸ್ಮಿತ್ ಅಂಡ್ ವೆಸನ್ ತನ್ನ ದೊಡ್ಡ ಟಾರ್ಗೆಟ್ ಹಿಡಿಗಳಿಗೆ ದಶಕಗಳ ಕಾಲ ಬಳಸಿದ್ದು ಗೊನ್ಸಾಲೊ ಆಲ್ವಿಸ್. ದಕ್ಷಿಣ ಅಮೆರಿಕದ ಕಂದು ಮರ, ಮೈಮೇಲೆ ಕಪ್ಪು ಪಟ್ಟೆ, ಕೈಗೆ ಭಾರ. ಹಳೇ .44 ಮ್ಯಾಗ್ನಂ ಮೇಲೆ ಅದನ್ನು ನೋಡಿದರೆ ಕಣ್ಣು ಕೀಳಲು ಆಗುವುದಿಲ್ಲ.

[ದೃಶ್ಯ: ಬೀಟೆ ತುಂಡಿಗೆ ಒದ್ದೆ ಬಟ್ಟೆ ಒರೆಸುತ್ತಿದ್ದಂತೆ ನೇರಳೆ ಬಣ್ಣ ಏಳುತ್ತದೆ]

ಇದು ನಮ್ಮ ಬೀಟೆ. ಮಲೆನಾಡು, ಕೊಡಗಿನ ಕಾಡಿನ ಮರ. ಮೈಸೂರಿನ ಕುಸುರಿ ಕೆಲಸದವರು ಚಿತ್ರ ಕೂರಿಸುವ ಹಲಗೆಯೂ ಇದೇ. ಅಮೆರಿಕದ ಹಿಡಿ ಕಸುಬಿನವರು ಇದನ್ನು ಇಂಡಿಯನ್ ರೋಸ್‌ವುಡ್ ಅಂತ ಕೊಳ್ಳುತ್ತಾರೆ. ಒಮ್ಮೆ ಚೆನ್ನಾಗಿ ಒಣಗಿದರೆ ಅಲುಗಾಡುವುದು ತೀರಾ ಕಡಿಮೆ, ನನಗೆ ಇದರಲ್ಲಿ ಹಿಡಿಸುವುದು ಅದೇ. ರಂಧ್ರ ಮಾತ್ರ ದೊಡ್ಡದು. ಹಾಗಾಗಿ ಸಣ್ಣ ಗೀರು ಕೆತ್ತಬೇಡಿ, ನುಣ್ಣಗೆ ಬಿಡಿ. ಬ್ರೆಜಿಲ್ ರೋಸ್‌ವುಡ್‌ನ ವಾಣಿಜ್ಯ ಸಾಗಣೆಗೆ 1992ರಲ್ಲಿ ಸೈಟ್ಸ್, ಅಂದರೆ ಅಳಿವಿನಂಚಿನ ಪ್ರಾಣಿ, ಸಸ್ಯಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ, ತಡೆ ಹಾಕಿತು. 2017ರಿಂದ ಬೀಟೆಯ ಕುಲದ ಮರಗಳೆಲ್ಲ ನಿಯಂತ್ರಣದ ಪಟ್ಟಿಯಲ್ಲಿವೆ. ಕರ್ನಾಟಕದಲ್ಲಿ ಬೀಟೆ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ವಿದೇಶದಲ್ಲಿರುವವರು ಊರಿಂದ ಸೂಟ್‌ಕೇಸಿನಲ್ಲಿ ಒಂದು ತುಂಡು ತರ್ತೀನಿ ಅಂತ ಸುಮ್ನೆ ಹೊರಡಬೇಡಿ. ಕಾಗದಪತ್ರ ಇರುವ ಮರವನ್ನೇ ಕೊಳ್ಳಿ. ಆ ಮರಗಳು ಕಾಡಿನಲ್ಲಿ ಉಳಿಯಲಿ ಅಂತಲೇ ಈ ಕಾನೂನು ಇರುವುದು, ಅದನ್ನು ಎಲ್ಲರಿಗಿಂತ ಮೊದಲು ಪಾಲಿಸಬೇಕಾದವರು ಮರ ಪ್ರೀತಿಸುವ ನಾವೇ.

ಕೊಕೊಬೊಲೊ ಬಗ್ಗೆ ಒಂದು ಎಚ್ಚರಿಕೆ. ಕಿತ್ತಳೆ, ಕೆಂಪು, ಕಪ್ಪು ಸೇರಿದ ಬಣ್ಣ ಅದ್ಭುತ. ಆದರೆ ಅದರ ಪುಡಿ ಹಲವರಿಗೆ ಆಗಿಬರುವುದಿಲ್ಲ. ಚರ್ಮ ಕೆಂಪಾಗುತ್ತದೆ, ತುರಿಸುತ್ತದೆ, ಉಸಿರಿಗೂ ತೊಂದರೆ. ಉಜ್ಜುವಾಗ ಒಳ್ಳೆಯ ಮಾಸ್ಕ್, ಉದ್ದ ತೋಳಿನ ಅಂಗಿ ಹಾಕಿಕೊಳ್ಳಿ. ಮರದಲ್ಲೇ ಎಣ್ಣೆ ಇರುವುದರಿಂದ ಅಂಟು ಸರಿಯಾಗಿ ಹಿಡಿಯುವುದಿಲ್ಲ, ಎಪಾಕ್ಸಿ ಹಚ್ಚುವ ಮುಂಚೆ ಅಸಿಟೋನ್‌ನಲ್ಲಿ ಒರೆಸಿ. ಅಗಸೆ ಎಣ್ಣೆಯೂ ಅದರ ಮೇಲೆ ಬೇಗ ಒಣಗುವುದಿಲ್ಲ. ವಾಲ್‌ನಟ್‌ಗಾದರೆ ಅಗಸೆ ಎಣ್ಣೆ ಹೇಳಿ ಮಾಡಿಸಿದ ಹಾಗೆ. ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಬಿಸಾಡಬೇಡಿ, ಅದು ತಾನಾಗಿಯೇ ಬೆಂಕಿ ಹತ್ತಿಕೊಳ್ಳಬಹುದು. ಹೊರಗೆ ಹರವಿ ಒಣಗಿಸಿ.

[ದೃಶ್ಯ: ಅಡುಗೆಮನೆ ತಕ್ಕಡಿಯ ಮೇಲೆ ತುಂಡು, ಪಕ್ಕದಲ್ಲಿ ಪೆನ್ಸಿಲ್]

ಕೊನೆಗೆ ಒಣಗಿದೆಯಾ ಇಲ್ಲವಾ ಅನ್ನುವುದು. ಮರ ಎಲ್ಲ ಕಡೆಗೂ ಒಂದೇ ಸಮ ಕುಗ್ಗುವುದಿಲ್ಲ. ಉಂಗುರದ ಗೆರೆಯ ಗುಂಟ ಜಾಸ್ತಿ, ತಿರುಳಿನಿಂದ ತೊಗಟೆಯ ಕಡೆಗೆ ಕಡಿಮೆ. ಅದಕ್ಕೇ ಹಸಿ ತುಂಡಿನ ಹಿಡಿ ಸೊಟ್ಟಗಾಗಿ ಚೌಕಟ್ಟಿನಿಂದ ಏಳುತ್ತದೆ. ತಂದ ತುಂಡನ್ನು ನೀವು ಕೆಲಸ ಮಾಡುವ ಕೋಣೆಯಲ್ಲೇ ಇಡಿ. ವಾರಕ್ಕೊಮ್ಮೆ ತೂಗಿ, ತೂಕವನ್ನು ತುಂಡಿನ ಮೇಲೇ ಪೆನ್ಸಿಲ್‌ನಲ್ಲಿ ಬರೆಯಿರಿ. ತೂಕ ಇಳಿಯುತ್ತಾ ಇದ್ದರೆ ಗರಗಸ ಮುಟ್ಟಬೇಡಿ. ಇಳಿಯುವುದು ನಿಂತ ಮೇಲೆ ತುಂಡನ್ನು ದಪ್ಪದ ನಡುವೆ ಸೀಳಿ, ಪುಸ್ತಕದ ಹಾಗೆ ಬಿಡಿಸಿ. ಎರಡು ಮುಖದಲ್ಲೂ ಒಂದೇ ಚಿತ್ತಾರ ಇರುತ್ತದೆ. ಒಂದು ಎಡಕ್ಕೆ, ಒಂದು ಬಲಕ್ಕೆ. ಸೀಳಿದ ಮುಖಗಳನ್ನು ಹೊರಗೆ ಮಾಡಿ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಿ.