ಸೋತ ಹಳಿಗಳಿಂದ ಎದ್ದ ಪಿಯರ್

ಕೇಳುಗರೇ, ನಮಸ್ಕಾರ.

ರೈಲಿನ ಹಳಿಗಳನ್ನು ನೆಟ್ಟಗೆ ನಿಲ್ಲಿಸಿ, ತುದಿ ಬಗ್ಗಿಸಿ, ಮೇಲೆ ಹಲಗೆ ಹಾಸಿದರೆ ಸಮುದ್ರದೊಳಗೆ ನಡೆದುಕೊಂಡು ಹೋಗಬಹುದು ಅಂದರೆ ನಂಬ್ತೀರಾ? ಇಂಗ್ಲೆಂಡಿನ ಕ್ಲೀವ್‌ಡನ್ ಎಂಬ ಊರಲ್ಲಿ ಅಂಥದ್ದೊಂದು ಪಿಯರ್ ಇದೆ, ಅಂದರೆ ದಡದಿಂದ ಸಮುದ್ರದೊಳಕ್ಕೆ ಚಾಚಿದ ಸೇತುವೆಯಂಥ ಕಟ್ಟೆ. ಉದ್ದ 312 ಮೀಟರ್. ಬಾಗಿಲು ತೆರೆದದ್ದು 1869ರಲ್ಲಿ.

ಆ ಹಳಿಗಳದ್ದೇ ಒಂದು ಕಥೆ. ಬಾರ್ಲೋ ಎಂಬ ಎಂಜಿನಿಯರ್ ಸ್ಲೀಪರ್ (ಹಳಿಗಳ ಕೆಳಗೆ ಅಡ್ಡ ಹಾಕುವ ದಿಮ್ಮಿ) ಇಲ್ಲದೆ ನೇರವಾಗಿ ಜಲ್ಲಿಯ ಮೇಲೆ ಕೂರಿಸುವ ಹಳಿ ಮಾಡಿದ. ಅಡ್ಡಕ್ಕೆ ಕತ್ತರಿಸಿ ನೋಡಿದರೆ ಎರಡೂ ಕಡೆ ಇಳಿಜಾರಿರುವ ಹೆಂಚಿನ ಮಾಡಿನ ಹಾಗೆ, ಒಳಗೆ ಟೊಳ್ಳು. ಸ್ಲೀಪರ್ ಖರ್ಚು ಉಳಿಯಿತು ಅಂತ ಖುಷಿಪಟ್ಟರು. ಆದರೆ ರೈಲು ಓಡಾಡಿದಂತೆ ಹಳಿಗಳು ಪಕ್ಕಕ್ಕೆ ಸರಿದು ಎರಡರ ನಡುವಿನ ಅಂತರ ಹೆಚ್ಚಾಗತೊಡಗಿತು. ಎಂಜಿನಿಯರ್ ಬ್ರುನೆಲ್ ಕಟ್ಟಿದ ಸೌತ್ ವೇಲ್ಸ್ ರೈಲ್ವೆಯಲ್ಲೂ ಇದನ್ನು ಹಾಕಿ, ಕೊನೆಗೆ ಕಿತ್ತರು. ಆ ಗುಜರಿ ಹಳಿಗಳೇ ಈ ಪಿಯರ್‌ನ ಕಾಲುಗಳಾದವು. ಗ್ರೋವರ್ ಮತ್ತು ವಾರ್ಡ್ ಎಂಬ ಎಂಜಿನಿಯರ್‌ಗಳು ಎರಡೆರಡು ಹಳಿ ಸೇರಿಸಿ ರಿವೆಟ್ ಹೊಡೆಸಿ, ಮೇಲ್ತುದಿಯನ್ನು ಬಾಗಿಸಿ ಕಮಾನು ಮಾಡಿದರು. ನೆಲದ ಮೇಲೆ ಮಲಗಿದ್ದಾಗ ಕೈಕೊಟ್ಟ ಕಬ್ಬಿಣ ಎದ್ದು ನಿಂತಾಗ ಗಟ್ಟಿಯಾಯಿತು!

ಕಾಲುಗಳು ಅಷ್ಟು ಸಣಕಲಾಗಿ ಯಾಕಿವೆ? ದುಡ್ಡು ಉಳಿಸೋಕೆ ಸರಿ, ಆದರೆ ನೀರಿನ ಲೆಕ್ಕವೂ ಇದೆ. ಅದು ಬ್ರಿಸ್ಟಲ್ ಚಾನೆಲ್, ಇಂಗ್ಲೆಂಡಿಗೂ ವೇಲ್ಸ್‌ಗೂ ನಡುವಿನ ಕಡಲ ತೋಳು. ಭರತಕ್ಕೂ ಇಳಿತಕ್ಕೂ ನೀರಿನ ಮಟ್ಟದಲ್ಲಿ 14 ಮೀಟರ್‌ವರೆಗೂ ವ್ಯತ್ಯಾಸ. ನಮ್ಮ ಮಂಗಳೂರಲ್ಲಿ ಅದು ಹೆಚ್ಚೆಂದರೆ ಒಂದು ಆಳೆತ್ತರ. ಅಲ್ಲಿ ನಾಲ್ಕು ಮಹಡಿ ಮನೆ ಮುಳುಗಿ ಏಳುವಷ್ಟು. ಅಷ್ಟು ನೀರಿಗೆ ಗೋಡೆ ಅಡ್ಡ ಹಾಕಿ ಗೆಲ್ಲೋಕಾಗಲ್ಲ. ಸುಮ್ನೆ ದಾರಿ ಬಿಡಬೇಕು. ಅದಕ್ಕೇ ಕಾಲಿಂದ ಕಾಲಿಗೆ 100 ಅಡಿ ಅಂತರ ಇಟ್ಟು ಎಂಟೇ ಎಂಟು ಅಂಕಣ ಮಾಡಿದರು. ದೂರದಿಂದ ನೋಡಿದರೆ ಉದ್ದ ಕಾಲಿನ ಕೊಕ್ಕರೆಗಳು ಸಾಲಾಗಿ ನೀರಿಗಿಳಿದ ಹಾಗೆ ಕಾಣುತ್ತದೆ. ದಡದಲ್ಲಿರುವ ಸುಂಕದ ಮನೆ ಮಾತ್ರ ಕಲ್ಲಿನ ಪುಟ್ಟ ಕೋಟೆಯ ಥರ. ನನಗೇನೋ ಅದು ಸ್ವಲ್ಪ ಜಾಸ್ತಿ ಆಯಿತು ಅನ್ನಿಸುತ್ತದೆ.

ಪಿಯರ್ ಕಟ್ಟಿದ್ದು ಆಚೆ ದಡದ ವೇಲ್ಸ್‌ಗೆ ಹಡಗಿನಲ್ಲಿ ಜನರನ್ನು ಸಾಗಿಸೋಕೆ. 1886ರಲ್ಲಿ ಸೆವರ್ನ್ ನದಿಯಡಿ ರೈಲು ಸುರಂಗ ಬಂತು, ಆ ವ್ಯಾಪಾರ ಇಳಿಯಿತು. ಆಮೇಲೆ ವಿಹಾರದ ಹಡಗುಗಳು ಕೈಹಿಡಿದವು. ತುದಿಯಲ್ಲಿ ಪಗೋಡದಂಥ ಮಂಟಪ ಎದ್ದದ್ದು 1890ರ ದಶಕದಲ್ಲಿ.

ಇನ್ನು 1970ರ ಅಕ್ಟೋಬರ್ 17. ವಿಮೆಗಾಗಿ ಪಿಯರ್‌ನ ತಾಕತ್ತು ಪರೀಕ್ಷೆ ಮಾಡಬೇಕಿತ್ತು. ಹಲಗೆಗಳ ಮೇಲೆ ನೀರಿನ ಭಾರ ಹೇರುತ್ತಾ ಒಂದೊಂದೇ ಅಂಕಣ ದಾಟಿದರು. ಆರು ಪಾಸಾದವು. ಏಳನೆಯದು ತಡೆಯಲಿಲ್ಲ. ಅದು ಕುಸಿಯುವಾಗ ಎಂಟನೆಯದನ್ನೂ ಎಳೆದುಕೊಂಡು ಹೋಯಿತು. ತುದಿಯ ಮಂಟಪ ಸಮುದ್ರದ ನಡುವೆ ದ್ವೀಪದ ಹಾಗೆ ಒಂಟಿಯಾಗಿ ಉಳಿಯಿತು. ಬಿರುಗಾಳಿ ಕೆಡವಲಿಲ್ಲ ನೋಡಿ, ಪರೀಕ್ಷೆಯೇ ಕೆಡವಿತು.

ಕೆಡವಿಬಿಡೋಣ ಅನ್ನುವ ಮಾತು ಬಂತು. ಊರವರು ಬಿಡಲಿಲ್ಲ. 1980ರ ವಿಚಾರಣೆಯಲ್ಲಿ ಕವಿ ಜಾನ್ ಬೆಟ್ಜಮನ್ ಪಿಯರ್ ಪರ ನಿಂತರು. 1985ರಲ್ಲಿ ಇಡೀ ಪಿಯರ್ ಬಿಚ್ಚಿ, ಹತ್ತಿರದ ಪೋರ್ಟಿಸ್‌ಹೆಡ್‌ಗೆ ಸಾಗಿಸಿ ರಿಪೇರಿ ಮಾಡಿದರು. 1989ರಲ್ಲಿ ಜನ ಮತ್ತೆ ನಡೆದರು. ಮಂಟಪದ ಕೆಲಸ ಮುಗಿಯೋಕೆ 1998 ಆಯಿತು.

ಈಗ ಹಲಗೆಗಳ ಮೇಲೆ ಪುಟ್ಟ ಹಿತ್ತಾಳೆ ತಗಡುಗಳಿವೆ, ದುಡ್ಡು ಕೊಟ್ಟವರ ಹೆಸರು ಕೊರೆದದ್ದು. ತುದಿಯಲ್ಲಿ ಹಡಗು ಹತ್ತುವ ಕಟ್ಟೆಗೆ ಒಂದರ ಮೇಲೊಂದು ಅಂತಸ್ತು. ವೇವರ್ಲಿ ಎಂಬ, ಪಕ್ಕದ ದೊಡ್ಡ ಚಕ್ರಗಳಿಂದ ನೀರು ತಳ್ಳಿ ಸಾಗುವ ಹಳೇ ಹಡಗು ಬಂದರೆ, ಯಾವ ಅಂತಸ್ತಿನಿಂದ ಹತ್ತಬೇಕು ಅನ್ನೋದನ್ನು ಆ ಹೊತ್ತಿನ ನೀರೇ ಹೇಳುತ್ತದೆ.

ನಮಸ್ಕಾರ.