ಸರ್ಟಿಫಿಕೇಟ್ ಎಲ್ಲಾ ಸರಿ ಇದೆ, ಹಡಗು ಸರಿ ಇದೆಯಾ? ಆಫ್‌ಶೋರ್ ಸಪೋರ್ಟ್ ಹಡಗುಗಳ ತಪಾಸಣೆಯ ಒಳಗೆ

[ದೃಶ್ಯ: ಸಮುದ್ರದ ನಡುವೆ ಎಣ್ಣೆ ಬಾವಿಯ ಪ್ಲಾಟ್‌ಫಾರ್ಮ್. ಸುತ್ತ ಚುಕ್ಕೆ ಗೆರೆಯ ವೃತ್ತ. ವೃತ್ತದ ಹೊರಗೆ ಒಂದು ಹಡಗು ನಿಂತಿದೆ.]

ನಮಸ್ಕಾರ. ಈ ವೃತ್ತ ನೋಡಿ. ಪ್ಲಾಟ್‌ಫಾರ್ಮ್ ಸುತ್ತ 500 ಮೀಟರ್. ಇದು ಸುರಕ್ಷತಾ ವಲಯ. ಮೀನು ಹಿಡಿಯುವ ದೋಣಿಯಾಗಲಿ, ದಾರಿಹೋಕ ಸರಕು ಹಡಗಾಗಲಿ ಇದರೊಳಗೆ ಬರುವ ಹಾಗಿಲ್ಲ. ಆದರೆ ಕೆಲವು ಹಡಗುಗಳಿಗೆ ಒಳಗೆ ಹೋಗುವುದೇ ಕೆಲಸ. ಒಳಗೆ ಹೋಗಿ, ಪ್ಲಾಟ್‌ಫಾರ್ಮ್‌ನ ಕ್ರೇನ್ ಕೈಗೆಟಕುವಷ್ಟು ಹತ್ತಿರ ಬಂದು, ಗಾಳಿ, ಅಲೆ, ಪ್ರವಾಹ ಎಲ್ಲದರ ನಡುವೆ ಗಂಟೆಗಟ್ಟಲೆ ಅಲ್ಲಾಡದೆ ನಿಲ್ಲಬೇಕು.

ಇವೇ ಆಫ್‌ಶೋರ್ ಸಪೋರ್ಟ್ ಹಡಗುಗಳು. ಕೆಲವು ರಿಗ್‌ಗೆ, ಅಂದರೆ ಬಾವಿ ಕೊರೆಯುವ ಕಟ್ಟೆಗೆ, ಊಟ, ನೀರು, ಡೀಸೆಲ್, ಸಿಮೆಂಟ್, ಪೈಪು ತಂದುಕೊಡುತ್ತವೆ. ಕೆಲವು ರಿಗ್‌ನ ಲಂಗರುಗಳನ್ನು ಎಳೆದು ಹಾಕುತ್ತವೆ. ಕೆಲವು ಡೈವರ್‌ಗಳನ್ನು ಕೆಳಗೆ ಇಳಿಸುತ್ತವೆ. ಇನ್ನು ಕೆಲವು, ಏನಾದರೂ ಆದರೆ ಜನರನ್ನು ಎತ್ತಿಕೊಳ್ಳಲು ಸುಮ್ನೆ ಸುತ್ತುತ್ತಾ ಕಾಯುತ್ತವೆ.

ಇಂಥ ಹಡಗು ಎಡವಿದರೆ ಏನಾಗುತ್ತದೆ ಅನ್ನುವುದಕ್ಕೆ ನಾವು ದೂರ ಹೋಗಬೇಕಾಗಿಲ್ಲ. 2005ರ ಜುಲೈ 27. ಮುಂಬೈನಿಂದ ಸುಮಾರು 160 ಕಿಲೋಮೀಟರ್ ದೂರದ ಮುಂಬೈ ಹೈ ನಾರ್ತ್ ಪ್ಲಾಟ್‌ಫಾರ್ಮ್. ಅದೇ ಎಣ್ಣೆ ಕ್ಷೇತ್ರದಲ್ಲಿ ಕೆಲಸ ಮಾಡುತ್ತಿದ್ದ ‘ಸಮುದ್ರ ಸುರಕ್ಷಾ’ ಹಡಗಿನಲ್ಲಿ ಅಡುಗೆಯವರೊಬ್ಬರ ಬೆರಳು ಕತ್ತರಿಸಿಹೋಯಿತು. ಮಳೆಗಾಲ, ಹೆಲಿಕಾಪ್ಟರ್ ಹಾರುವ ಸ್ಥಿತಿ ಇರಲಿಲ್ಲ. ಅವರನ್ನು ಪ್ಲಾಟ್‌ಫಾರ್ಮ್‌ಗೆ ಸಾಗಿಸಲು ಹಡಗು ಹತ್ತಿರ ಬಂತು. ಬಂದದ್ದು ಗಾಳಿ ಬೀಸಿ ಬರುವ ಕಡೆಯಿಂದ. ಅಂದರೆ ಇಂಜಿನ್ ಕೈಕೊಟ್ಟರೆ ಗಾಳಿಯೇ ಹಡಗನ್ನು ಪ್ಲಾಟ್‌ಫಾರ್ಮ್ ಮೇಲೆ ತಳ್ಳುವ ಜಾಗ. ಥ್ರಸ್ಟರ್, ಅಂದರೆ ಹಡಗನ್ನು ಬೇಕಾದ ಕಡೆಗೆ ತಳ್ಳುವ ಪ್ರೊಪೆಲರ್, ತೊಂದರೆ ಕೊಟ್ಟಿತು. ಮ್ಯಾನ್ಯುವಲ್‌ನಲ್ಲಿ, ಹಿಂಭಾಗ ಮುಂದು ಮಾಡಿ ತಂದರು. ಹಡಗಿನ ಹೆಲಿಡೆಕ್, ಅಂದರೆ ಹೆಲಿಕಾಪ್ಟರ್ ಇಳಿಯುವ ಕಟ್ಟೆ, ಪ್ಲಾಟ್‌ಫಾರ್ಮ್‌ನ ಗ್ಯಾಸ್ ರೈಸರ್‌ಗೆ ಬಡಿಯಿತು. ರೈಸರ್ ಅಂದರೆ ಸಮುದ್ರದ ತಳದಿಂದ ಮೇಲೆ ಬರುವ ಪೈಪು. ಬೆಂಕಿ ಹತ್ತಿತು. ಇಡೀ ಪ್ಲಾಟ್‌ಫಾರ್ಮ್ ಸುಟ್ಟು ಸಮುದ್ರಕ್ಕೆ ಬಿತ್ತು. 362 ಜನರನ್ನು ಉಳಿಸಿದರು. 22 ಜನ ಉಳಿಯಲಿಲ್ಲ.

ಹಾಗಾದರೆ ಇಂಥ ಹಡಗನ್ನು ಒಳಗೆ ಬಿಡುವ ಮೊದಲು ಯಾರು ಪರೀಕ್ಷೆ ಮಾಡುತ್ತಾರೆ?

[ದೃಶ್ಯ: ಹಡಗಿನ ಆಫೀಸಿನಲ್ಲಿ ಸಾಲಾಗಿ ಜೋಡಿಸಿದ ಫೈಲುಗಳು.]

ತುಂಬಾ ಜನ. ಹಡಗು ಯಾವ ದೇಶದ ಬಾವುಟ ಹಾರಿಸುತ್ತದೋ ಆ ದೇಶ ನೋಡುತ್ತದೆ. ಕ್ಲಾಸ್ ಸೊಸೈಟಿ ಅನ್ನುವ ಸಂಸ್ಥೆಗಳು ಹಡಗಿನ ಮೈ, ಇಂಜಿನ್, ಯಂತ್ರಗಳನ್ನು ನೋಡುತ್ತವೆ. ಬಂದರಿಗೆ ಹೋದರೆ ಅಲ್ಲಿನ ಅಧಿಕಾರಿಗಳು ಹತ್ತಬಹುದು. ಇವರೆಲ್ಲ ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ನಿಯಮ ಹೇಳಿದಷ್ಟು ಈ ಹಡಗಿನಲ್ಲಿ ಇದೆಯಾ? ಇದ್ದರೆ ಸರ್ಟಿಫಿಕೇಟ್.

ಹಡಗನ್ನು ಬಾಡಿಗೆಗೆ ತೆಗೆದುಕೊಳ್ಳುವ ಎಣ್ಣೆ ಕಂಪನಿ ಕೇಳಬೇಕಾದ ಪ್ರಶ್ನೆ ಬೇರೆ. ನನ್ನ ಈ ಕೆಲಸಕ್ಕೆ, ಈ ಜಾಗದಲ್ಲಿ, ಈ ಹವೆಯಲ್ಲಿ, ಈ ಸಿಬ್ಬಂದಿಯ ಕೈಯಲ್ಲಿ, ಈ ಹಡಗು ಸಾಕಾ? ಇದಕ್ಕೆ ಸರ್ಟಿಫಿಕೇಟ್ ಉತ್ತರ ಕೊಡುವುದಿಲ್ಲ. ಈ ವಿಡಿಯೋದಲ್ಲಿ ನಾನು ಹೇಳಬೇಕಾದದ್ದು ಬಹುಪಾಲು ಈ ಎರಡು ಪ್ರಶ್ನೆಗಳ ನಡುವಿನ ಅಂತರದ ಬಗ್ಗೆಯೇ.

ಆ ಎರಡನೇ ಪ್ರಶ್ನೆಗಾಗಿ ಜಗತ್ತಿನಲ್ಲಿ ಮುಖ್ಯವಾಗಿ ಎರಡು ಪದ್ಧತಿಗಳು ಬಳಕೆಯಲ್ಲಿವೆ. ಒಂದು ಓವಿಐಡಿ. ಎಣ್ಣೆ ಕಂಪನಿಗಳ ಕೂಟವಾದ ಒಸಿಐಎಂಎಫ್ ನಡೆಸುವ ಡೇಟಾಬೇಸ್ ಅದು. ಒಂದು ಕಂಪನಿ ಮಾಡಿಸಿದ ತಪಾಸಣೆಯ ವರದಿ ಅಲ್ಲಿ ಸೇರುತ್ತದೆ, ಬೇರೆ ಕಂಪನಿಗಳೂ ಓದಬಹುದು. ಇನ್ನೊಂದು, ಸಮುದ್ರ ಕಾಮಗಾರಿ ಗುತ್ತಿಗೆದಾರರ ಕೂಟವಾದ ಐಎಂಸಿಎಯ ತಪಾಸಣಾ ದಾಖಲೆ, ಸಿಎಂಐಡಿ. ಇದನ್ನು ಹಡಗಿನ ಮಾಲೀಕರೇ ಮುಂದೆ ಬಂದು ಮಾಡಿಸಬಹುದು. ಎರಡರಲ್ಲೂ ಉದ್ದನೆಯ ಪ್ರಶ್ನಾವಳಿ, ತರಬೇತಿ ಪಡೆದ ಇನ್ಸ್‌ಪೆಕ್ಟರ್.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳಬೇಕು. ಈ ವರದಿಗಳಲ್ಲಿ ಪಾಸ್, ಫೇಲ್ ಅಂತ ಇರುವುದಿಲ್ಲ. ಇನ್ಸ್‌ಪೆಕ್ಟರ್ ಕಂಡದ್ದನ್ನು ಬರೆಯುತ್ತಾರೆ, ಅಷ್ಟೇ. ಅದನ್ನು ಓದಿ, ಈ ಕೆಲಸಕ್ಕೆ ಈ ಹಡಗು ಆಗುತ್ತದೆ, ಆಗುವುದಿಲ್ಲ ಅಂತ ತೀರ್ಮಾನಿಸುವುದು ಬಾಡಿಗೆಗೆ ಪಡೆಯುವವರ ಜವಾಬ್ದಾರಿ. ಈ ಓದುವ, ತೂಗಿ ನೋಡುವ ಕೆಲಸಕ್ಕೇ ‘ಅಶ್ಯೂರೆನ್ಸ್’ ಅನ್ನುವುದು. ವರದಿ ಬಂತು, ಫೈಲಿಗೆ ಸೇರಿತು, ಕೆಲಸ ಮುಗೀತು ಅಂದುಕೊಂಡರೆ ತಪಾಸಣೆ ನಡೆದಿದೆ, ಅಶ್ಯೂರೆನ್ಸ್ ನಡೆದಿಲ್ಲ.

[ದೃಶ್ಯ: ಡೆಕ್ಕಿನ ಅಂಚಿನಲ್ಲಿ ಬಿಳಿ ಪೀಪಾಯಿಯಂಥ ಲೈಫ್‌ರಾಫ್ಟ್. ಕ್ಯಾಮೆರಾ ನಿಧಾನವಾಗಿ ಅದರ ಹಗ್ಗದ ಹತ್ತಿರ ಹೋಗುತ್ತದೆ.]

ಈಗ ಡೆಕ್ಕಿಗೆ ಬನ್ನಿ. ಒಂದೇ ಒಂದು ವಸ್ತುವನ್ನು ಹತ್ತಿರದಿಂದ ನೋಡೋಣ.

ಇದು ಲೈಫ್‌ರಾಫ್ಟ್. ಈ ಬಿಳಿ ಡಬ್ಬಿಯೊಳಗೆ ಗಾಳಿ ತುಂಬಿಕೊಳ್ಳುವ ತೆಪ್ಪ ಮಡಚಿಕೊಂಡು ಕೂತಿದೆ. ಹಡಗು ಮುಳುಗುವಾಗ ಯಾರಿಗೂ ಇದನ್ನು ಎಸೆಯಲು ಸಮಯ ಸಿಗದೇ ಹೋಗಬಹುದು. ಅದಕ್ಕೇ ಡಬ್ಬಿಯನ್ನು ಬಿಗಿದಿರುವ ಈ ಪಟ್ಟಿಗೆ ಒಂದು ಪುಟ್ಟ ಸಾಧನ ಜೋಡಿಸಿದ್ದಾರೆ, ಅಂಗೈಯಲ್ಲಿ ಹಿಡಿಯುವಷ್ಟು. ಹೈಡ್ರೋಸ್ಟ್ಯಾಟಿಕ್ ರಿಲೀಸ್. ನೀರಿನೊಳಗೆ 4 ಮೀಟರ್ ಆಳ ತಲುಪುವುದರೊಳಗೆ ನೀರಿನ ಒತ್ತಡಕ್ಕೆ ಇದು ತಾನಾಗಿ ಬಿಚ್ಚಿಕೊಳ್ಳುತ್ತದೆ, ಡಬ್ಬಿ ಮೇಲಕ್ಕೆ ತೇಲುತ್ತದೆ. ಡಬ್ಬಿಯಿಂದ ಹೊರಬಂದ ಹಗ್ಗ ಇದೆಯಲ್ಲ, ಪೇಂಟರ್ ಅಂತಾರೆ, ಹಡಗು ಮುಳುಗುತ್ತಾ ಹೋದ ಹಾಗೆ ಅದು ಬಿಗಿಯಾಗಿ ಎಳೆದುಕೊಂಡು ರಾಫ್ಟ್‌ಗೆ ಗಾಳಿ ತುಂಬಿಸುತ್ತದೆ. ಆಮೇಲೆ ಹಗ್ಗ ಕಡಿದುಹೋಗಬೇಕು. ಇಲ್ಲದಿದ್ದರೆ ಹಡಗು ರಾಫ್ಟನ್ನೂ ಕೆಳಗೆ ಎಳೆದುಕೊಂಡು ಹೋಗುತ್ತದೆ. ಕಡಿಯುವುದಕ್ಕಾಗಿಯೇ ಇಲ್ಲಿ ‘ವೀಕ್ ಲಿಂಕ್’ ಅನ್ನುವ ತೆಳು ಕೊಂಡಿ ಇದೆ. ಸುಮಾರು 220 ಕೆ.ಜಿ. ಎಳೆತಕ್ಕೆ ಅದು ತುಂಡಾಗುತ್ತದೆ.

ಈಗ ಯೋಚಿಸಿ. ಯಾರೋ ಒಬ್ಬರು, ಒಳ್ಳೆಯ ಮನಸ್ಸಿನಿಂದಲೇ, ಗಟ್ಟಿಯಾಗಿರಲಿ ಅಂತ ಆ ಹಗ್ಗವನ್ನು ವೀಕ್ ಲಿಂಕ್‌ಗೆ ಕಟ್ಟದೆ ನೇರ ಡೆಕ್ಕಿನ ಕಬ್ಬಿಣಕ್ಕೆ ಶ್ಯಾಕಲ್ ಅನ್ನುವ ಗಟ್ಟಿ ಕೊಂಡಿ ಹಾಕಿ ಬಿಗಿದರು. ದೂರದಿಂದ ನೋಡಿದರೆ ಎಲ್ಲ ಅಚ್ಚುಕಟ್ಟು. ಸರ್ವೀಸ್ ಸರ್ಟಿಫಿಕೇಟ್ ಇದೆ. ಡಬ್ಬಿಯ ಮೇಲಿನ ದಿನಾಂಕ ಸರಿ ಇದೆ. ಆದರೆ ಬೇಕಾದ ದಿನ ಆ ರಾಫ್ಟ್ ಹಡಗಿನ ಜೊತೆ ತಳಕ್ಕೆ ಹೋಗುತ್ತದೆ. ಇದು ಅಪರೂಪದ ತಪ್ಪಲ್ಲ. ತಪಾಸಣೆಗಳಲ್ಲಿ ಮತ್ತೆ ಮತ್ತೆ ಸಿಗುವ ತಪ್ಪು. ಮಂಡಿಯೂರಿ ಕೂತು ಹಗ್ಗವನ್ನು ಕೈಯಲ್ಲಿ ಹಿಡಿದು ಕೊನೆಯವರೆಗೂ ನೋಡಿದವರಿಗೆ ಮಾತ್ರ ಕಾಣುತ್ತದೆ.

ಒಳ್ಳೆಯ ಇನ್ಸ್‌ಪೆಕ್ಟರ್ ಎಲ್ಲವನ್ನೂ ಹೀಗೇ ನೋಡುತ್ತಾರೆ. ಎಮರ್ಜೆನ್ಸಿ ಜನರೇಟರ್ ಇದೆಯಾ ಅಂತ ಕೇಳುವುದಿಲ್ಲ, ಸ್ಟಾರ್ಟ್ ಮಾಡಿ ಅನ್ನುತ್ತಾರೆ. ಕರೆಂಟ್ ಹೋದ ಮೇಲೆ 45 ಸೆಕೆಂಡ್ ಒಳಗೆ ಅದು ತಾನಾಗಿ ಶುರುವಾಗಿ ಲೋಡ್ ತೆಗೆದುಕೊಳ್ಳಬೇಕು. ಬೆಂಕಿ ಹರಡದಂತೆ ಗಾಳಿ ಕೊಳವೆಯನ್ನು ಮುಚ್ಚುವ ಫೈರ್ ಡ್ಯಾಂಪರ್ ತೋರಿಸಿದರೆ ಸಾಲದು, ಹಿಡಿ ತಿರುಗಿಸಿ ಮುಚ್ಚಿ ತೋರಿಸಿ ಅನ್ನುತ್ತಾರೆ. ಹಿಡಿ ತಿರುಗುತ್ತದೆ, ಒಳಗಿನ ತಗಡು ಮಾತ್ರ ತುಕ್ಕು ಹಿಡಿದು ಅಲ್ಲಾಡುವುದೇ ಇಲ್ಲ, ಹೀಗೂ ಆಗುತ್ತದೆ.

ಇನ್ನು ವಿಶ್ರಾಂತಿಯ ದಾಖಲೆ. ಹಡಗಿನ ಕೆಲಸಗಾರರಿಗೆ ಯಾವುದೇ 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, 7 ದಿನದಲ್ಲಿ 77 ಗಂಟೆ ವಿಶ್ರಾಂತಿ ಸಿಗಬೇಕು. ಎಲ್ಲ ಹಡಗಿನಲ್ಲೂ ಇದರ ಚಾರ್ಟ್ ಚೆಂದವಾಗಿಯೇ ಇರುತ್ತದೆ. ಅದರ ಪಕ್ಕದಲ್ಲಿ ಲಾಗ್‌ಬುಕ್ ತೆರೆದಿಡಿ. ರಾತ್ರಿ ಎರಡು ಗಂಟೆಗೆ ಕಾರ್ಗೋ ಇಳಿಸಿದ್ದು ಲಾಗ್‌ಬುಕ್‌ನಲ್ಲಿದೆ. ಅದೇ ಹೊತ್ತಿಗೆ ಡೆಕ್ಕಿನಲ್ಲಿದ್ದ ಎಲ್ಲರೂ ಚಾರ್ಟ್‌ನಲ್ಲಿ ಮಲಗಿದ್ದಾರೆ! ಇಂಥದ್ದು ಸಿಕ್ಕರೆ ಅದನ್ನು ಬರೀ ಕಾಗದದ ತಪ್ಪು ಅಂತ ಬಿಡಬಾರದು. ನಿದ್ದೆಗೆಟ್ಟ ಕಣ್ಣುಗಳು ಆ 500 ಮೀಟರ್ ಒಳಗೆ ಹಡಗು ನಡೆಸುತ್ತಿವೆ ಅಂತ ಅರ್ಥ.

[ದೃಶ್ಯ: ಬ್ರಿಜ್‌ನಲ್ಲಿ, ಅಂದರೆ ಹಡಗು ನಡೆಸುವ ಕೋಣೆಯಲ್ಲಿ, ಡಿಪಿ ಕನ್ಸೋಲ್. ಪರದೆಯ ಮಧ್ಯೆ ಹಡಗಿನ ಆಕಾರ, ಸುತ್ತ ಥ್ರಸ್ಟರ್‌ಗಳ ಬಾಣದ ಗುರುತು.]

ಡಿಪಿ, ಅಂದರೆ ಡೈನಾಮಿಕ್ ಪೊಸಿಷನಿಂಗ್. ಲಂಗರು ಹಾಕದೆ, ಕಂಪ್ಯೂಟರ್ ಥ್ರಸ್ಟರ್‌ಗಳನ್ನು ತಿರುಗಿಸುತ್ತಾ ಹಡಗನ್ನು ಒಂದೇ ಜಾಗದಲ್ಲಿ ನಿಲ್ಲಿಸುವ ವ್ಯವಸ್ಥೆ. ಇದಕ್ಕೆ ಐಎಂಒ, ಅಂದರೆ ಅಂತರರಾಷ್ಟ್ರೀಯ ಕಡಲ ಸಂಸ್ಥೆ, 1994ರಲ್ಲಿ ಮಾರ್ಗಸೂಚಿ ಕೊಟ್ಟಿತು, 2017ರಲ್ಲಿ ಹೊಸದು ತಂದಿತು. ಮೂರು ದರ್ಜೆ. ಡಿಪಿ-1ರಲ್ಲಿ ಒಂದು ಭಾಗ ಕೆಟ್ಟರೂ ಹಡಗು ಜಾಗ ತಪ್ಪಬಹುದು. ಡಿಪಿ-2ರಲ್ಲಿ ಒಂದು ಜನರೇಟರ್, ಒಂದು ಥ್ರಸ್ಟರ್, ಒಂದು ಕಂಪ್ಯೂಟರ್ ಕೆಟ್ಟರೂ ಜಾಗ ಬಿಡಬಾರದು. ಡಿಪಿ-3ರಲ್ಲಿ ಒಂದು ಇಡೀ ಕೋಣೆಗೆ ಬೆಂಕಿ ಬಿದ್ದರೂ, ನೀರು ನುಗ್ಗಿದರೂ ನಿಲ್ಲಬೇಕು.

ಇದು ಯಾಕೆ ಇಷ್ಟು ಮುಖ್ಯ? 2012ರ ಸೆಪ್ಟೆಂಬರ್‌ನಲ್ಲಿ ಉತ್ತರ ಸಮುದ್ರದಲ್ಲಿ ಒಂದು ಡೈವಿಂಗ್ ಹಡಗಿನ ಡಿಪಿ ಕೈಕೊಟ್ಟಿತು. ಸುಮಾರು 90 ಮೀಟರ್ ಕೆಳಗೆ ಡೈವರ್‌ಗಳು ಕೆಲಸದಲ್ಲಿದ್ದರು. ಗಾಳಿಗೆ ಹಡಗು ಜಾರಿತು. ಒಬ್ಬ ಡೈವರ್‌ನ ಉಸಿರು, ಬೆಳಕು, ಬೆಚ್ಚಗಿನ ನೀರು ಎಲ್ಲ ಬರುತ್ತಿದ್ದ ಕೊಳವೆಯ ಕಂತೆ ಕೆಳಗಿನ ಕಬ್ಬಿಣದ ಚೌಕಟ್ಟಿಗೆ ಸಿಕ್ಕಿ ಹರಿದುಹೋಯಿತು. ಬೆನ್ನಿನ ಸಿಲಿಂಡರ್‌ನಲ್ಲಿ ಇದ್ದದ್ದು ಕೆಲವೇ ನಿಮಿಷದ ಗ್ಯಾಸ್. ಅವರನ್ನು ಮೇಲೆ ತರುವಷ್ಟರಲ್ಲಿ ಅರ್ಧ ಗಂಟೆಗೂ ಜಾಸ್ತಿ ಆಗಿತ್ತು. ಅವರು ಬದುಕಿದರು. ಇವತ್ತಿಗೂ ಅದನ್ನು ಓದಿದಾಗ ಮೈ ಜುಮ್ಮೆನ್ನುತ್ತದೆ.

ಹಾಗಾಗಿ ಡಿಪಿ ತಪಾಸಣೆ ಅಂದರೆ ಕೆಡಿಸಿ ನೋಡುವುದು. ಏನು ಕೆಟ್ಟರೆ ಏನಾಗುತ್ತದೆ ಅಂತ ಮೊದಲೇ ಕೂತು ಬರೆದ ದಾಖಲೆಗೆ ಎಫ್‌ಎಂಇಎ ಅಂತಾರೆ. ವರ್ಷಕ್ಕೊಮ್ಮೆ ಟ್ರಯಲ್‌ನಲ್ಲಿ ಅದು ನಿಜವಾ ಅಂತ ಪರೀಕ್ಷೆ. ಸುರಕ್ಷಿತ ಜಾಗದಲ್ಲಿ ಹಡಗು ನಿಲ್ಲಿಸಿ, ಬೇಕಂತಲೇ ಒಂದು ಜನರೇಟರ್ ಟ್ರಿಪ್ ಮಾಡುತ್ತಾರೆ. ನೆಟ್‌ವರ್ಕ್ ಕೇಬಲ್ ಕಿತ್ತು ನೋಡುತ್ತಾರೆ. ಎರಡು ಇಂಜಿನ್ ಇದ್ದು ಎರಡಕ್ಕೂ ಡೀಸೆಲ್ ಒಂದೇ ಟ್ಯಾಂಕಿನಿಂದ ಬರುತ್ತಿದ್ದರೆ, ಆ ಟ್ಯಾಂಕಿಗೆ ನೀರು ಸೇರಿದ ದಿನ ಎರಡೂ ನಿಲ್ಲುತ್ತವೆ. ಎಣಿಕೆಗೆ ಎರಡು, ನಿಜಕ್ಕೆ ಒಂದು.

ವರದಿ ಓದುವವರಿಗೆ ಒಂದು ಮಾತು. ಹೋದ ವರ್ಷದ ಟ್ರಯಲ್ ವರದಿ, ಅದರ ಹಿಂದಿನ ವರ್ಷದ್ದು, ಎರಡನ್ನೂ ಪಕ್ಕದಲ್ಲಿಟ್ಟು ಓದಿ. ವಾಕ್ಯಗಳು, ಅಂಕಿಗಳು ಎಲ್ಲ ಅಕ್ಷರಕ್ಕೆ ಅಕ್ಷರ ಒಂದೇ ಆಗಿದ್ದರೆ, ಹಡಗಿಗೆ ಫೋನ್ ಮಾಡುವ ಸಮಯ ಬಂತು ಅಂತ ತಿಳಿಯಿರಿ.

[ದೃಶ್ಯ: ಅಲೆಗಳ ನಡುವೆ ಆ್ಯಂಕರ್ ಹ್ಯಾಂಡ್ಲರ್ ಹಡಗು. ಹಿಂಭಾಗದಿಂದ ನೀರಿಗೆ ಇಳಿದಿರುವ ದಪ್ಪ ಸರಪಳಿ.]

ಈ ವಿಷಯದಲ್ಲಿ ನನ್ನನ್ನು ಅತಿ ಹೆಚ್ಚು ಕಾಡಿದ ಘಟನೆ ‘ಬೂರ್ಬೋಂ ಡಾಲ್ಫಿನ್’ ಹಡಗಿನದು. 2006ರಲ್ಲಿ ಕಟ್ಟಿಕೊಟ್ಟ ಹೊಚ್ಚ ಹೊಸ ನಾರ್ವೆ ಹಡಗು. 2007ರ ಏಪ್ರಿಲ್ 12ರಂದು ಶೆಟ್ಲ್ಯಾಂಡ್ ದ್ವೀಪಗಳ ಪಶ್ಚಿಮಕ್ಕೆ, ಸಾವಿರ ಮೀಟರ್‌ಗೂ ಹೆಚ್ಚು ಆಳದ ನೀರಿನಲ್ಲಿ, ಒಂದು ರಿಗ್‌ನ ಲಂಗರು ಹಾಕುತ್ತಿತ್ತು. ಅಷ್ಟು ಆಳ ಅಂದರೆ ನೇತಾಡುವ ಸರಪಳಿಯ ತೂಕವೇ ಭಾರಿ. ಗಾಳಿ, ಪ್ರವಾಹಕ್ಕೆ ಹಡಗು ತನ್ನ ಗೆರೆ ಬಿಟ್ಟು ಸರಿಯಿತು. ಅದನ್ನು ತಡೆಯಲು ಥ್ರಸ್ಟರ್‌ಗಳಿಗೆ ಪವರ್ ಕೊಟ್ಟಷ್ಟೂ ಮುಂದಕ್ಕೆ ಎಳೆಯುವ ಬಲ ಕಡಿಮೆಯಾಗುತ್ತದೆ. ಸರಪಳಿ ಒಂದು ಬದಿಯಲ್ಲಿ ನಿಲ್ಲುವಂತೆ ಹಿಡಿದಿದ್ದ ಟೋಯಿಂಗ್ ಪಿನ್ ಕೆಳಗಿಳಿಸಿದಾಗ, ಸರಪಳಿ ಹಠಾತ್ತನೆ ಇನ್ನೊಂದು ಬದಿಗೆ ಹೊಡೆದು ಅಡ್ಡಡ್ಡ ಎಳೆಯತೊಡಗಿತು. ಸರಪಳಿ ಬಿಡಿಸುವ ಎಮರ್ಜೆನ್ಸಿ ರಿಲೀಸ್ ಒತ್ತಿದರು. ಉಪಯೋಗ ಆಗಲಿಲ್ಲ. ಹಡಗು ಮಗುಚಿತು. ಹಡಗಿನಲ್ಲಿದ್ದ 15 ಜನರಲ್ಲಿ 8 ಜನ ಸತ್ತರು.

ನಾರ್ವೆ ಸರಕಾರ ನೇಮಿಸಿದ ಆಯೋಗ ಒಂದೇ ಕಾರಣ ಅಂತ ಹೇಳಲಿಲ್ಲ. ಹಲವು ಸಣ್ಣಪುಟ್ಟ ಕೊರತೆಗಳು ಒಂದರ ಮೇಲೊಂದು ಸೇರಿದ್ದವು. ಆ ಆಳಕ್ಕೆ, ಆ ಭಾರಕ್ಕೆ ಈ ಹಡಗಿನ ಸ್ಥಿರತೆ ಎಷ್ಟು ಉಳಿಯುತ್ತದೆ ಅನ್ನುವುದನ್ನು ಯಾರೂ ಸರಿಯಾಗಿ ಲೆಕ್ಕ ಹಾಕಿರಲಿಲ್ಲ. ಆ ಹಡಗಿಗೆ ಹೊಸಬರಾದ ಕ್ಯಾಪ್ಟನ್‌ಗೆ ಅಧಿಕಾರ ವಹಿಸಿಕೊಳ್ಳಲು ಸಿಕ್ಕಿದ್ದು ಒಂದೂವರೆ ಗಂಟೆ. ಒಂದೂವರೆ ಗಂಟೆ! ಆ ಹೊತ್ತಿನಲ್ಲಿ ಒಂದು ಹಡಗಿನ ಸ್ವಭಾವ ತಿಳಿಯುವುದು ಹೇಗೆ? ಇದು ಯಾವ ಸರ್ಟಿಫಿಕೇಟ್‌ನಲ್ಲೂ ಕಾಣುವ ವಿಷಯವಲ್ಲ. ಆದರೆ ಕೆಲಸ ಶುರುವಾಗುವ ಮೊದಲು, ‘ಕ್ಯಾಪ್ಟನ್ ಯಾರು, ಈ ಹಡಗಿನಲ್ಲಿ ಎಷ್ಟು ದಿನದಿಂದ ಇದ್ದಾರೆ, ಇಷ್ಟು ಆಳದಲ್ಲಿ ಮುಂಚೆ ಮಾಡಿದ್ದಾರಾ’ ಅಂತ ಬಾಡಿಗೆಗೆ ಪಡೆದವರು ಕೇಳಬಹುದಾದ ವಿಷಯ.

ಲಂಗರು ಎಳೆಯುವ ಹಡಗುಗಳ ಸ್ಥಿರತೆಗೆ ಐಎಂಒ ಆಮೇಲೆ ಪ್ರತ್ಯೇಕ ನಿಯಮ ತಂದಿತು. ಅವು ಜಾರಿಗೆ ಬಂದದ್ದು 2020ರ ಜನವರಿ 1ರಂದು. ನಡುವೆ ಹನ್ನೆರಡು ವರ್ಷಕ್ಕೂ ಜಾಸ್ತಿ ಕಳೆದಿತ್ತು. ನಿಯಮ ಬರುವ ತನಕ ಅಪಾಯ ಕಾಯುವುದಿಲ್ಲ ಅಲ್ವಾ. ಅದಕ್ಕೇ ನಿಯಮದ ಆಚೆಗೂ ಕೇಳುವವರು ಬೇಕು.

ಆ ಕೇಳುವ ಅಭ್ಯಾಸದ ಒಂದು ರೂಪ ಡಿಪಿ ಹಡಗುಗಳಲ್ಲಿ ಈಗ ಇದೆ. ಕೆಲಸಕ್ಕೆ ಮೊದಲೇ ಒಂದು ಹಾಳೆ ಮಾಡುತ್ತಾರೆ. ಹಸಿರು, ನೀಲಿ, ಹಳದಿ, ಕೆಂಪು ಕಾಲಂ. ಗಾಳಿ ಇಷ್ಟಾದರೆ, ಒಂದು ಜನರೇಟರ್ ಹೋದರೆ, ಹಡಗು ಇಷ್ಟು ಮೀಟರ್ ಸರಿದರೆ, ಯಾವ ಬಣ್ಣ? ಯಾವಾಗ ಕೆಲಸ ನಿಲ್ಲಿಸಬೇಕು, ಯಾವಾಗ ಹಿಂದೆ ಸರಿಯಬೇಕು? ಎಲ್ಲ ಶಾಂತವಾಗಿ ಕೂತಾಗಲೇ ತೀರ್ಮಾನ. ನಡುರಾತ್ರಿ, ಕ್ರೇನ್‌ನಲ್ಲಿ ಲೋಡ್ ನೇತಾಡುತ್ತಿರುವಾಗ, ಒಬ್ಬ ಯುವ ಆಫೀಸರ್ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಹಾಳೆ ನೋಡಿದರೆ ಸಾಕು. 500 ಮೀಟರ್ ಗೆರೆ ದಾಟುವ ಮೊದಲು ತುಂಬುವ ಚೆಕ್‌ಲಿಸ್ಟ್ ಕೂಡ ಇದೇ ಕೆಲಸ ಮಾಡುತ್ತದೆ, ಗಾಳಿ ಯಾವ ಕಡೆಯಿಂದ ಅನ್ನುವ ಪ್ರಶ್ನೆಯನ್ನೂ ಸೇರಿಸಿ. ಟಿಕ್ ಹಾಕುವವರು ಬ್ರಿಜ್‌ನ ಕಿಟಕಿಯಾಚೆ ನಿಜವಾಗಿ ನೋಡಿ ಹಾಕಬೇಕು, ಅಷ್ಟೇ.

ಈ ವಿಡಿಯೋವನ್ನು ಹಡಗಿನಲ್ಲೇ ಕೂತು ನೋಡುತ್ತಿರುವವರು ಕೆಲವರು ಇರುತ್ತೀರಿ. ವಾಚ್ ಡ್ಯೂಟಿ ಮುಗಿದ ಮೇಲೆ ಒಮ್ಮೆ ರಾಫ್ಟ್ ಹತ್ತಿರ ಹೋಗಿ. ಹೊಸದಾಗಿ ಸೇರಿದ ಹುಡುಗರಿದ್ದರೆ ಅವರನ್ನೂ ಕರೆದುಕೊಂಡು ಹೋಗಿ. ಹಗ್ಗವನ್ನು ಕೈಯಲ್ಲಿ ಹಿಡಿದು, ಡಬ್ಬಿಯಿಂದ ಶುರುಮಾಡಿ ಕೊನೆಯ ತನಕ ನೋಡಿ. ಎಲ್ಲಿ ಕಟ್ಟಿದೆ ಅಂತ ಕಾಮೆಂಟ್‌ನಲ್ಲಿ ಬರೆಯಿರಿ.