ಹುಷಾರಿಲ್ಲ ಅಂದವನ ಸಂಬಳಕ್ಕೆ ಕೈ ಹಾಕಬೇಡಿ

ನಮಸ್ಕಾರ ಮಾರಾಯ್ರೇ. ಮಂಗಳೂರಿನ ಪಣಂಬೂರು ಬಂದರಿಗೆ ಕ್ರೂಸ್ ಹಡಗು ಬಂದರೆ ಮರುದಿನ ಪೇಪರಿನಲ್ಲಿ ಏನಿರುತ್ತದೆ ಹೇಳಿ? ಚೆಂಡೆ, ಯಕ್ಷಗಾನ ವೇಷದ ಸ್ವಾಗತ, ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ ಹೊರಟ ವಿದೇಶಿಯರ ಫೋಟೋ. ಇರಲಿ, ಒಳ್ಳೆಯದೇ. ಆದರೆ ಅದೇ ಹಡಗಿನ ಒಳಗೆ ಊಟ ಬಡಿಸುವ, ತಟ್ಟೆ ತೊಳೆಯುವ, ಹಾಸಿಗೆ ಬದಲಿಸುವ ಹುಡುಗರ ಬಗ್ಗೆ ಒಂದು ಸಾಲೂ ಇರುವುದಿಲ್ಲ. ಮಂಗಳೂರು, ಉಡುಪಿಯಲ್ಲಿ ಎಲ್ಲಿ ಕೇಳಿದರೂ "ನಮ್ಮವ ಶಿಪ್ಪಿನಲ್ಲಿದ್ದಾನೆ" ಅನ್ನುವ ಮನೆ ಸಿಗುತ್ತದೆ, ಅಲ್ವಾ? ಇವತ್ತಿನ ಮಾತು ಅವರ ಬಗ್ಗೆ, ಮತ್ತು ಹಡಗಿನಲ್ಲಿ ಹರಡುವ ರೋಗದ ಬಗ್ಗೆ. ನನ್ನ ಪ್ರಕಾರ ಎರಡೂ ಒಂದೇ ವಿಷಯ.

ಹಡಗಿನಲ್ಲಿ ಅತಿ ಹೆಚ್ಚು ಕಾಟ ಕೊಡುವುದು ನೊರೋವೈರಸ್. ವಾಂತಿ, ಭೇದಿ. ಬೆರಳೆಣಿಕೆಯಷ್ಟು ಕಣ ಹೊಟ್ಟೆಗೆ ಹೋದರೂ ಸಾಕು, 12ರಿಂದ 48 ಗಂಟೆಯೊಳಗೆ ಮಲಗಿಸುತ್ತದೆ. ಬಫೆಯ ಬಾಗಿಲಲ್ಲಿ ಸ್ಯಾನಿಟೈಸರ್ ಇಟ್ಟಿರುತ್ತಾರಲ್ಲ, ಈ ವೈರಸ್ಸಿಗೆ ಅದು ಅಷ್ಟಾಗಿ ತಾಗುವುದಿಲ್ಲ. ಸೋಪು ಹಾಕಿ ನೀರಿನಲ್ಲಿ ಕೈ ತೊಳೆಯಬೇಕು. ವಾಂತಿ ಆದ ಜಾಗವನ್ನು ಬ್ಲೀಚ್ ಹಾಕಿ ಒರೆಸಬೇಕು. ಕಾಯಿಲೆ ಬಿದ್ದವನು ವಾಂತಿ ಭೇದಿ ನಿಂತ ಮೇಲೂ 48 ಗಂಟೆ ಅಡುಗೆಮನೆ ಕಡೆ ಸುಳಿಯಬಾರದು. ಇದೆಲ್ಲ ಯಾರಿಗೂ ಗೊತ್ತಿಲ್ಲದ ಗುಟ್ಟಲ್ಲ, ಎಲ್ಲ ಕಂಪೆನಿಯ ಪುಸ್ತಕದಲ್ಲೂ ಬರೆದಿರುತ್ತದೆ.

ಆದರೆ ಆ 48 ಗಂಟೆ ಶುರುವಾಗಬೇಕಾದರೆ ಯಾರಾದರೂ ಮೊದಲು ಬಾಯಿ ಬಿಡಬೇಕು. ಬೆಳಗ್ಗೆ ಐದಕ್ಕೆ ಎದ್ದು ಬ್ರೇಕ್‌ಫಾಸ್ಟ್ ಡ್ಯೂಟಿಗೆ ಹೋಗಬೇಕಾದ ಹುಡುಗ, ಮನೆಗೆ ಲೋನ್ ಕಟ್ಟುತ್ತಿರುವವನು, ಮುಂದಿನ ಕಾಂಟ್ರಾಕ್ಟ್ ಸಿಗುತ್ತದೋ ಇಲ್ಲವೋ ಅಂತ ಹೆದರುವವನು, ಹೊಟ್ಟೆ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗುತ್ತಾನಾ ಅಥವಾ ಒಂದು ಮಾತ್ರೆ ನುಂಗಿ ಟ್ರೇ ಎತ್ತುತ್ತಾನಾ? ಇಡೀ ಹಡಗಿನ ಆರೋಗ್ಯ ನಿಂತಿರುವುದು ಅಲ್ಲಿ.

2020ರ ಫೆಬ್ರವರಿ ನೆನಪಿದೆಯಾ? ಜಪಾನಿನ ಯೊಕೊಹಾಮಾದಲ್ಲಿ ನಿಂತ ಡೈಮಂಡ್ ಪ್ರಿನ್ಸೆಸ್ ಕ್ರೂಸ್ ಹಡಗು. 3,711 ಜನ ಇದ್ದರು, 712 ಮಂದಿಗೆ ಕೊರೊನಾ ಬಂತು. ಪ್ರಯಾಣಿಕರನ್ನು ಕೋಣೆಯೊಳಗೆ ಇರಿ ಅಂದರು. ಅವರಿಗೆ ಊಟ ಯಾರು ತಲುಪಿಸಬೇಕು? ಸಿಬ್ಬಂದಿಯೇ. ಅವರು ದುಡಿಯುತ್ತಲೇ ಇದ್ದರು. ಕೋಣೆ ಹಂಚಿಕೊಂಡರು, ಒಂದೇ ಮೆಸ್ಸಿನಲ್ಲಿ ಉಂಡರು. ಸಿಬ್ಬಂದಿಯಲ್ಲಿ ಮೊದಲು ಖಚಿತವಾದ 20 ಕೇಸುಗಳಲ್ಲಿ 15 ಜನ ಊಟದ ವಿಭಾಗದವರು! ಆ ಹಡಗಿನ ಸಿಬ್ಬಂದಿಯಲ್ಲಿ 132 ಭಾರತೀಯರಿದ್ದರು. ಅವರ ಮನೆಯವರು ಆ ದಿನಗಳನ್ನು ಹೇಗೆ ಕಳೆದಿರಬಹುದು, ಯೋಚಿಸಿ. ಮುಂದಿನ ತಿಂಗಳು ನಮ್ಮ ಬಂದರಿಗೆ ಬರಬೇಕಿದ್ದ ಎಂಎಸ್‌ಸಿ ಲಿರಿಕಾ ಹಡಗನ್ನು ಒಳಗೆ ಬಿಡಲಿಲ್ಲ. ಆಗಿನ ಹೆದರಿಕೆಗೆ ಅದು ಸರಿ ಅನಿಸಿತು. ಆದರೆ ಬಾಗಿಲು ಹಾಕುವುದನ್ನೇ ಪ್ರತಿ ಸಲ ಮದ್ದು ಅಂತ ಮಾಡಲಾಗುವುದಿಲ್ಲ.

ಬಂದರಿನಲ್ಲಿ ವ್ಯವಸ್ಥೆ ಇಲ್ಲ ಅಂತಲ್ಲ. ಹೊರದೇಶದಿಂದ ಬರುವ ಹಡಗಿನ ಕ್ಯಾಪ್ಟನ್ ಆರೋಗ್ಯದ ಒಂದು ಘೋಷಣಾ ಪತ್ರ ಕೊಡಬೇಕು, ಡಾಕ್ಟರ್ ಇದ್ದರೆ ಅವರೂ ಸಹಿ ಹಾಕಬೇಕು: ಯಾರಾದರೂ ಸತ್ತಿದ್ದಾರಾ, ಕಾಯಿಲೆಯವರು ಎಂದಿಗಿಂತ ಜಾಸ್ತಿ ಇದ್ದಾರಾ, ಅಂಟುರೋಗದ ಅನುಮಾನ ಇದೆಯಾ. ಅದನ್ನು ನೋಡಿ ಬಂದರಿನ ಆರೋಗ್ಯ ಅಧಿಕಾರಿಗಳು ಹಡಗಿಗೆ ಒಪ್ಪಿಗೆ ಕೊಡುತ್ತಾರೆ. ಹಡಗಿನ ಸ್ವಚ್ಛತೆಯ ಸರ್ಟಿಫಿಕೇಟಿಗೆ ಆರು ತಿಂಗಳ ಅವಧಿ. ಇಲಿ ಹತ್ತದ ಹಾಗೆ ಹಗ್ಗಗಳಿಗೆ ತಗಡಿನ ತಟ್ಟೆ ಹಾಕುತ್ತಾರೆ. ಎಲ್ಲ ಸರಿ. ಆದರೆ ಕೆಳಗಿನ ಡೆಕ್ಕಿನ ಹುಡುಗ ಮುಚ್ಚಿಟ್ಟ ಕಾಯಿಲೆ ಆ ಕಾಗದದಲ್ಲಿ ಹೇಗೆ ಬರುತ್ತದೆ?

ಮತ್ತೆ, ರೋಗ ಹೊರಗಿನಿಂದಲೇ ಬರುತ್ತದೆ ಅಂದುಕೊಳ್ಳಬೇಡಿ. ಮಲೇರಿಯಾ ಅಂದರೆ ಏನು ಅಂತ ಮಂಗಳೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಟ್ಯಾಂಕಿಗಳಲ್ಲಿ, ಕಟ್ಟಡ ಕಟ್ಟುವ ಜಾಗಗಳಲ್ಲಿ ಬೆಳೆಯುವ, ಮಲೇರಿಯಾ ಹರಡುವ ಸ್ಟೀಫೆನ್ಸಿ ಸೊಳ್ಳೆ 2012ರಲ್ಲಿ ಆಫ್ರಿಕಾದ ಜಿಬೂಟಿಯಲ್ಲಿ ಕಾಣಿಸಿತು. ಅದು ಹಡಗಿನಲ್ಲೇ ಹೋಗಿರಬೇಕು ಅನ್ನುವುದು ತಜ್ಞರ ಅಂದಾಜು. ಆ ವರ್ಷ ಅಲ್ಲಿ 27 ಮಲೇರಿಯಾ ಕೇಸು. 2020ರಲ್ಲಿ 73 ಸಾವಿರಕ್ಕೂ ಜಾಸ್ತಿ. ಬಂದರಿನ ಸುತ್ತ 400 ಮೀಟರ್ ಆದರೂ ಸೊಳ್ಳೆ ಇರದ ಹಾಗೆ ನೋಡಿಕೊಳ್ಳಿ ಅನ್ನುವ ಅಂತಾರಾಷ್ಟ್ರೀಯ ನಿಯಮ ಸುಮ್ನೆ ಬಂದದ್ದಲ್ಲ.

ಈಗ ಸಂಬಳದ ವಿಷಯ. 2006ರ ಅಂತಾರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದ ಅಂತ ಇದೆ. ಭಾರತ 2015ರಲ್ಲಿ ಒಪ್ಪಿಕೊಂಡಿದೆ. ಕ್ರೂಸ್ ಹಡಗುಗಳು ನೋಂದಣಿ ಮಾಡಿಸಿ ಬಾವುಟ ಹಾರಿಸುವ ಬಹಾಮಾಸ್, ಪನಾಮಾ, ಮಾಲ್ಟಾ ಕೂಡ ಒಪ್ಪಿವೆ. ಕಾಯಿಲೆ ಬಿದ್ದು ಕೆಲಸ ಮಾಡಲಾಗದಿದ್ದರೆ ಹಡಗಿನಲ್ಲಿ ಇರುವಷ್ಟು ದಿನ ಪೂರ್ತಿ ಸಂಬಳ ಕೊಡಬೇಕು. ಊರಿಗೆ ಕಳಿಸಿದ ಮೇಲೂ ಸಂಬಳದ ಪೂರ್ತಿಯನ್ನೋ ಒಂದು ಪಾಲನ್ನೋ ಕೊಡಬೇಕು, ಈ ಹೊಣೆಯನ್ನು ಕಾಯಿಲೆ ಶುರುವಾದ ದಿನದಿಂದ 16 ವಾರಕ್ಕಿಂತ ಕಡಿಮೆ ಮಾಡುವ ಹಾಗಿಲ್ಲ. ಬಂದರಿನಲ್ಲಿ ಡಾಕ್ಟರನ್ನು ಕಾಣುವ ಹಕ್ಕೂ ಇದೆ. ಕಾಗದದಲ್ಲಿ ಚೆನ್ನಾಗಿದೆ. ಆದರೆ ಅನೇಕ ಹಡಗುಗಳಲ್ಲಿ ಬಡಿಸುವವರ ಗಳಿಕೆ ನಿಂತಿರುವುದೇ ಟಿಪ್ಸಿನ ಮೇಲೆ, ಕೋಣೆಯಲ್ಲಿ ಮಲಗಿದವನಿಗೆ ಟಿಪ್ಸ್ ಯಾರು ಕೊಡುತ್ತಾರೆ? ತೂತು ಇರುವುದು ಇಲ್ಲಿ. ಅದನ್ನು ಮುಚ್ಚದೆ ಎಷ್ಟು ಬ್ಲೀಚ್ ಸುರಿದರೂ ಪೂರ್ತಿ ಪ್ರಯೋಜನ ಇಲ್ಲ. ಪ್ರತ್ಯೇಕವಾಗಿ ಇಟ್ಟ ದಿನಗಳಿಗೆ ಸರಾಸರಿ ಟಿಪ್ಸ್ ಲೆಕ್ಕ ಹಾಕಿ ಕಂಪೆನಿಯೇ ಕೊಡಲಿ. ಇಡೀ ಟ್ರಿಪ್ ಹಾಳಾಗುವ ನಷ್ಟದ ಮುಂದೆ ಅದು ದೊಡ್ಡ ದುಡ್ಡಲ್ಲ.

ನಮ್ಮಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಕಲಿಸುವವರಿಗೆ ಒಂದು ಮಾತು. ನ್ಯಾಪ್‌ಕಿನ್ ಮಡಚುವುದನ್ನು ಕಲಿಸುವಾಗ ಈ ಹಕ್ಕುಗಳನ್ನೂ ಹೇಳಿಕೊಡಿ. ಮನೆಯವರೇ, ಮಗ ಫೋನಿನಲ್ಲಿ ವಾಂತಿ ಆಗ್ತಿದೆ ಅಂದರೆ "ಯಾರಿಗೂ ಹೇಳಬೇಡ ಮಗಾ, ಕೆಲಸ ಹೋದೀತು" ಅನ್ನಬೇಡಿ. ಮೊದಲು ಡಾಕ್ಟರ ಹತ್ತಿರ ಕಳಿಸಿ. ಇನ್ನು ಹೊಸದಾಗಿ ಹೊರಟವರೇ, ಸೈನ್ ಹಾಕುವ ಮೊದಲು ಏಜೆಂಟರ ಹತ್ತಿರ ಕೇಳಿ: ಹುಷಾರಿಲ್ಲದ ದಿನ ನನಗೆ ಎಷ್ಟು ದುಡ್ಡು, ಟಿಪ್ಸಿನ ಪಾಲು ಇದೆಯಾ ಇಲ್ಲವಾ? ಬಾಯಿಮಾತು ಬೇಡ, ಬರೆದು ಕೊಡಲಿ.